ಏನು ಮಾಡಿದ್ದರು ಅಂತ ಯಾರೂ ಕೇಳಲ್ಲ

ಬಂಗಾರಪೇಟೆಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ದೇಶದ ಭದ್ರತೆಯನ್ನೇ ಬಗೆಹರಿಸಿಬಿಟ್ಟರು. "ಯುದ್ಧ ಬಂದರೆ ಮೊದಲು ಅನುಮಾನ ಇರೋರನ್ನೆಲ್ಲ ಒಳಗೆ ಹಾಕಬೇಕು. ಹಕ್ಕು ಗಿಕ್ಕು ಎಲ್ಲ ಆಮೇಲೆ." ಸುತ್ತ ಕೂತವರು ತಲೆಯಾಡಿಸಿದರು. ನನ್ನ ಬಾಯಿ ನಿಮಗೆ ಗೊತ್ತಲ್ಲ. "ಸಾರ್, ಅದನ್ನ ಮಾಡಿ ನೋಡಿ ಆಗಿದೆ" ಅಂದೆ. ನಮ್ಮವಳು ಮೊಣಕೈಯಲ್ಲಿ ತಿವಿದಳು. ಅಲ್ಲಿ ಸುಮ್ಮನಾದೆ. ಇಲ್ಲಿ ಆಗಲ್ಲ.

1962, ಚೀನಾ ಯುದ್ಧ. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆ ತಲೆಮಾರುಗಳಿಂದ ಇದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಸಾಗಿಸಿದರು. ಮುದುಕರು, ಬಾಣಂತಿಯರು, ಶಾಲೆಗೆ ಹೋಗೋ ಮಕ್ಕಳು. ಏನು ಮಾಡಿದ್ದರು? ಏನೂ ಇಲ್ಲ. ಕೋರ್ಟಿನ ವಿಚಾರಣೆಯೂ ಇಲ್ಲ. ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು. ಕೆಲವರು ಹೊರಗೆ ಬಂದದ್ದು 1967ರಲ್ಲಿ! ಸಂವಿಧಾನ ಇರಲಿಲ್ವಾ? ಇತ್ತು. ಆದರೆ ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿ, ಬಂಧನವಾದವರಿಗೆ ರಕ್ಷಣೆ ಕೊಡುವ 22ನೇ ವಿಧಿ ಹಿಡಿದು ಕೋರ್ಟಿಗೆ ಹೋಗೋ ದಾರಿಯನ್ನೇ ರಾಷ್ಟ್ರಪತಿಗಳ ಆದೇಶದಲ್ಲಿ ಮುಚ್ಚಿದ್ದರು.

ಅಮೆರಿಕದವರು ಇದನ್ನು 1942ರಲ್ಲೇ ಮಾಡಿದ್ದರು, ಜಪಾನ್ ಜೊತೆ ಯುದ್ಧದಲ್ಲಿ. ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶ. ಜಪಾನ್ ಮೂಲದ ಸುಮಾರು 1,20,000 ಜನ ಶಿಬಿರಗಳಿಗೆ. ಮೂರರಲ್ಲಿ ಎರಡು ಪಾಲು ಅಲ್ಲಿನ ಪ್ರಜೆಗಳೇ. ಅವರಲ್ಲೊಬ್ಬರು, ಕೊರೆಮಾಟ್ಸು ಅನ್ನೋರು, ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ತನಕ ಹೋದರು. 1944ರಲ್ಲಿ ಆರು ನ್ಯಾಯಮೂರ್ತಿಗಳು ಸರ್ಕಾರದ ಕಡೆ, ಮೂವರು ಇವರ ಕಡೆ. ಸೋತರು.

"ಯುದ್ಧದ ಹೊತ್ತಲ್ಲಿ ಒಬ್ಬೊಬ್ಬರನ್ನೇ ವಿಚಾರಿಸ್ತಾ ಕೂರೋಕಾಗುತ್ತೇನ್ರೀ?" ಅಂತೀರಿ. ಸರಿ, ಜಪಾನಿನ ಬಾಂಬು ಬಿದ್ದದ್ದೆಲ್ಲಿ? ಅಮೆರಿಕದ್ದೇ ಆದ ಹವಾಯಿ ದ್ವೀಪಗಳ ಪರ್ಲ್ ಹಾರ್ಬರ್‌ನಲ್ಲಿ. ಅಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಜಪಾನ್ ಮೂಲದವರು. ಅಲ್ಲಿ ಮಾತ್ರ ಕೆಲವರನ್ನಷ್ಟೇ ಹೆಸರು ಹಿಡಿದು ಬಂಧಿಸಿದರು, ಉಳಿದವರು ಮನೆಯಲ್ಲೇ ಇದ್ದರು. ಎಲ್ಲರನ್ನೂ ಒಳಗೆ ಹಾಕಿದರೆ ದ್ವೀಪದಲ್ಲಿ ಕೆಲಸಕ್ಕೆ ಆಳೆಲ್ಲಿ? ಆಳು ಬೇಕಾದಾಗ ಅನುಮಾನ ಕಮ್ಮಿ ಆಗುತ್ತೆ ನೋಡಿ.

ನನಗ್ಯಾಕೆ ಇಷ್ಟು ಉರಿ ಅಂದರೆ, ನಮ್ಮ ಮನೆಮಾತು ತೆಲುಗು. ತಾತ ಚಿತ್ತೂರು ಕಡೆಯಿಂದ ಕೆಜಿಎಫ್ ಗಣಿಗೆ ಬಂದವರು. ಕೋಲಾರ ಜಿಲ್ಲೆಯಲ್ಲಿ ಯಾರ ತಾತ ಎಲ್ಲಿಂದ ಬಂದ ಅಂತ ಲೆಕ್ಕ ಶುರು ಮಾಡಿದರೆ ಆ ಪಂಕ್ತಿಗೆ ಬಡಿಸೋಕೂ ಜನ ಉಳಿಯಲ್ಲ. ಹೋಳಿಗೆ ಯಜಮಾನರಿಗೆ ಇದು ಹೊಳೆಯಲೇ ಇಲ್ಲ. ಒಳಗೆ ಹೋಗೋರು ಯಾವಾಗಲೂ ಬೇರೆಯವರೇ, ಅಲ್ವಾ?

1988ರಲ್ಲಿ ಅಮೆರಿಕ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡಲು ಕಾನೂನು ಮಾಡಿತು. ನಮ್ಮಲ್ಲಿ 1978ರ 44ನೇ ತಿದ್ದುಪಡಿ ಬಂತು. ಈಗ ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ. ಅದು ಬಂದದ್ದೂ ದೇವ್ಲಿಯವರನ್ನು ನೆನೆದಲ್ಲ, 1975ರಲ್ಲಿ ದೊಡ್ಡ ದೊಡ್ಡ ನಾಯಕರೇ ಜೈಲು ಕಂಡ ಮೇಲೆ. ದೇವ್ಲಿಯಲ್ಲಿ ಬಾಲ್ಯ ಕಳೆದವರು ಈಗ ಅಜ್ಜ ಅಜ್ಜಿಯರು. ಸರ್ಕಾರ ಒಂದು ಕ್ಷಮೆ ಕೇಳಲಿ ಅಂತ ಅರ್ಜಿ ಹಿಡಿದು ನಿಂತಿದ್ದಾರೆ. ಇನ್ನೂ ಕೇಳಿಲ್ಲ.