ನಮ್ಮ ಮನೆಯ ರಾತ್ರಿ ಗಸ್ತು

ಸುರಕ್ಷತೆಯನ್ನು ಮಕ್ಕಳಿಗೆ ಬೈದು ಕಲಿಸಬೇಡಿ, ಆಟವಾಗಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನೂರಕ್ಕೆ ನೂರು ನಿಜ. ನಮ್ಮಲ್ಲಿ ರಾತ್ರಿ ಊಟವಾದ ಮೇಲೆ ಏಳು ವರ್ಷದ ಮಗಳು ಟಾರ್ಚ್ ಹಿಡಿದು ‘ಗಸ್ತು’ ಹೊರಡುತ್ತಾಳೆ. ಹಿಂದೆ ಅವಳಜ್ಜಿ. ಅಜ್ಜಿ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿದರೆ, ಇವಳು ನೋಡಿ ‘ಆಯ್ತು!’ ಅಂತ ಕೂಗುತ್ತಾಳೆ. ದೇವರ ದೀಪ ಶಾಂತವಾಗಿದೆಯಾ (ನಮ್ಮಲ್ಲಿ ‘ಆರಿದೆ’ ಅನ್ನುವುದಿಲ್ಲ), ಇಸ್ತ್ರಿ ಪೆಟ್ಟಿಗೆಯ ಪ್ಲಗ್ ತೆಗೆದಿದೆಯಾ, ಎಲ್ಲ ಅವಳ ಜವಾಬ್ದಾರಿ.

ಅಡುಗೆ ಗ್ಯಾಸ್‌ಗೆ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತಲೇ ಆ ಕೆಟ್ಟ ವಾಸನೆ ಬೆರೆಸುತ್ತಾರೆ ಎಂದಾಗ ಅವಳ ಕಣ್ಣು ಅರಳಿತು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಹರಡುತ್ತದೆ. ಈಗ ತಿಂಗಳಿಗೊಮ್ಮೆ ‘ವಾಸನೆ ಬಂತು’ ಆಟ. ಬಾಗಿಲು ತೆರೆದು ಎಲ್ಲರೂ ಅಂಗಳಕ್ಕೆ ಓಡಬೇಕು. ಅಲ್ಲಿ ನಿಂತು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906 ಹೇಳಬೇಕು. ಸ್ವಿಚ್ ಮುಟ್ಟಿದವರು ಔಟ್, ಒಂದು ಕಿಡಿ ಸಾಕಲ್ವಾ? ಮೊದಲ ಸಲ ಔಟ್ ಆದವರು ಅವಳಪ್ಪ. ಕತ್ತಲಲ್ಲಿ ಕೈ ಸುಮ್ನೆ ಲೈಟಿನ ಕಡೆ ಹೋಗಿತ್ತು. ಆ ಅಭ್ಯಾಸ ದೊಡ್ಡವರಿಗೇ ಜಾಸ್ತಿ.

ಹೆಲ್ಮೆಟ್ ಹಾಕಿಕೊಳ್ಳುವುದಕ್ಕೂ ಜಗಳವಿತ್ತು. ಅದರ ಬಣ್ಣ ಅವಳೇ ಆರಿಸಿದಳು, ಅಲ್ಲಿಗೆ ಆ ಜಗಳ ಮುಗಿಯಿತು. ಒಂದೇ ವಿನಂತಿ: ರೆಗ್ಯುಲೇಟರ್ ತಿರುಗಿಸುವ ಕೆಲಸ ಮಕ್ಕಳ ಕೈಗೆ ಕೊಡಬೇಡಿ, ನೋಡಿ ಹೇಳಿದರೆ ಸಾಕು.