ಆಯಿಲ್ ಬದಲಿಸಿದ್ದಕ್ಕೇ ಗೇರ್‌ಬಾಕ್ಸ್ ಹೋಯಿತೇ?

ಅಪ್ಪನ ಕಾರಿನ ಗೇರ್ ಆಯಿಲ್ ಬದಲಿಸಿದ ನಾಲ್ಕನೆಯ ದಿನ ಗೇರ್‌ಬಾಕ್ಸ್ ಕೆಟ್ಟು ನಿಂತಿತು. ಕಳೆದ ಹದಿನೈದು ದಿನಗಳಲ್ಲಿ ಕನಿಷ್ಠ ನಾಲ್ಕು ಜನ ನನಗೆ ಒಂದೇ ಮಾತು ಹೇಳಿದ್ದಾರೆ: "ಹಳೆಯ ಆಟೋಮ್ಯಾಟಿಕ್ ಗಾಡಿಯ ಗೇರ್ ಆಯಿಲ್ ಮುಟ್ಟಲೇಬಾರದಿತ್ತು." ಕಾಳಜಿಯಿಂದಲೇ ಹೇಳಿದ್ದಾರೆ. ಆದರೆ ಈ ಮಾತು ತಪ್ಪು. ಇದನ್ನು ನಂಬಿ ಇನ್ನಷ್ಟು ಜನ ಗಾಡಿ ಹಾಳುಮಾಡಿಕೊಳ್ಳುತ್ತಾರೆ ಎಂಬ ಆತಂಕದಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು 2009ರ ಕಾರು, ನಾಲ್ಕು ಗೇರಿನ ಆಟೋಮ್ಯಾಟಿಕ್. ಅಪ್ಪನ ಎಡಗಾಲಿನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ಒತ್ತುವುದು ಅವರಿಂದ ಆಗುತ್ತಿರಲಿಲ್ಲ. ಯಾರನ್ನೂ ಕಾಯದೆ, ಯಾರ ಕೈ ಹಿಡಿಯದೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರಬೇಕು ಎಂಬುದು ಅವರ ಹಟ. ಅದಕ್ಕಾಗಿ 2015ರಲ್ಲಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡೆವು. ಅವರಿಗೆ ಆ ಕಾರು ಎಂದರೆ ಮರಳಿ ಸಿಕ್ಕ ಕಾಲು.

ಸುಮಾರು ಆರು ತಿಂಗಳಿಂದ ಅದು ನಮಗೆ ಏನನ್ನೋ ಹೇಳುತ್ತಲೇ ಇತ್ತು. ಬೆಳಿಗ್ಗೆ 'ಡಿ'ಗೆ, ಅಂದರೆ ಮುಂದೆ ಹೋಗುವ ಗೇರಿಗೆ, ಹಾಕಿದರೆ ಎರಡು ಮೂರು ಕ್ಷಣ ತಡೆದು, ಆಮೇಲೆ ಧಡಕ್ಕೆಂದು ಹಿಡಿಯುತ್ತಿತ್ತು. ಉಣಕಲ್ ದಾಟಿ ಧಾರವಾಡದ ಕಡೆ ಏರುವಾಗ ಎಂಜಿನ್ ಸದ್ದು ಹೆಚ್ಚುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ. "ವಯಸ್ಸಾಯಿತು, ನನ್ನ ಹಾಗೆಯೇ" ಎಂದು ಅಪ್ಪ ಸುಮ್ಮನಾಗುತ್ತಿದ್ದರು. ನಾನೂ ಸುಮ್ಮನಾದೆ. ನಾವು ಕೊಂಡ ಮೇಲೆ ಗೇರ್ ಆಯಿಲ್ ಬದಲಿಸಿದ್ದೇ ಇಲ್ಲ. ಅದಕ್ಕೂ ಮೊದಲಿನ ಮಾಲೀಕರು ಬದಲಿಸಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಮೀಟರ್ ಮಾತ್ರ 1,42,000 ಕಿ.ಮೀ. ತೋರಿಸುತ್ತಿತ್ತು.

ಕೊನೆಗೆ ಒಂದು ಗ್ಯಾರೇಜಿಗೆ ಕೊಟ್ಟೆ. ಯಂತ್ರ ಹಚ್ಚಿ ಹಳೆಯದನ್ನೆಲ್ಲ ಒತ್ತಡದಿಂದ ಹೊರಹಾಕಿ, ಹೊಸ ಆಯಿಲ್ ತುಂಬಿ ಒಂದೂವರೆ ತಾಸಿನಲ್ಲಿ ಮರಳಿಸಿದರು. ಮೂರು ದಿನ ಬೆಣ್ಣೆಯಂತೆ ಓಡಿತು. ನಾಲ್ಕನೆಯ ದಿನ ಸತ್ತೂರು ದಾಟಿ ನವಲೂರಿನ ಹತ್ತಿರ, ಪೇರಲ ಹಣ್ಣಿನ ಬುಟ್ಟಿಗಳನ್ನು ಇಟ್ಟುಕೊಂಡು ಕೂರುತ್ತಾರಲ್ಲ, ಅಲ್ಲಿ ನಿಂತುಬಿಟ್ಟಿತು. ಎಂಜಿನ್ ಓಡುತ್ತಿದೆ, 'ಡಿ' ಇದೆ, ಆಕ್ಸಿಲರೇಟರ್ ಒತ್ತಿದರೆ ಬರೀ ಸದ್ದು. ರಿವರ್ಸ್ ಮಾತ್ರ ಹಿಡಿಯುತ್ತಿತ್ತು. ಅಪ್ಪ ಒಬ್ಬರೇ ಇದ್ದರು. ಹಣ್ಣು ಮಾರುವ ಅಮ್ಮ ಅವರಿಗೆ ತಮ್ಮ ಸ್ಟೂಲು ಕೊಟ್ಟು ನೆರಳಿನಲ್ಲಿ ಕೂರಿಸಿದ್ದರು. ಆ ತಾಯಿಗೆ ನಾನು ಋಣಿ.

ಅಲ್ಲಿಗೆ ಬಂದ ಹುಡುಗರು ಹಗ್ಗ ಕಟ್ಟಿ ಎಳೆಯಲು ಹೊರಟಿದ್ದರು. ಇದನ್ನು ದಯವಿಟ್ಟು ನೆನಪಿಡಿ. ಆಟೋಮ್ಯಾಟಿಕ್‌ನಲ್ಲಿ ಒಳಗಿನ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿರುವಾಗ ಚಾಲನೆಯ ಚಕ್ರಗಳು ನೆಲದ ಮೇಲೆ ಉರುಳಿದರೆ ಒಳಗಿನ ಭಾಗಗಳು ಆಯಿಲ್ ಸಿಗದೆ ಒಣಗಿ ಉಜ್ಜುತ್ತವೆ. ನಮ್ಮದರಂತೆ ಮುಂದಿನ ಚಕ್ರಗಳಿಂದ ಓಡುವ ಗಾಡಿಯಾದರೆ ಆ ಚಕ್ರಗಳನ್ನು ಎತ್ತಬೇಕು, ಇಲ್ಲವೇ ಇಡೀ ಗಾಡಿಯನ್ನು ಲಾರಿಯ ಮೇಲೆ ಹೇರಬೇಕು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಹಿರಿಯ ಮಿಸ್ತ್ರಿಯೊಬ್ಬರು ಅದನ್ನು ಬಿಚ್ಚಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೆಳಗಿನ ಪ್ಯಾನ್ ಇಳಿಸಿ ಮೊದಲು ಅದರೊಳಗಿನ ಅಯಸ್ಕಾಂತವನ್ನು ತೋರಿಸಿದರು. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಸ್ವಲ್ಪ ಕೂತಿರುವುದು ಸಹಜವಂತೆ. ನಮ್ಮದರಲ್ಲಿ ಹೊಳೆಯುವ ಲೋಹದ ಚೂರುಗಳಿದ್ದವು. ಆಮೇಲೆ ಒಳಗಿನಿಂದ ಒಂದು ಕ್ಲಚ್ ಪ್ಲೇಟ್ (ಪೆಡಲ್ ಇಲ್ಲದಿದ್ದರೂ ಆಟೋಮ್ಯಾಟಿಕ್‌ನೊಳಗೆ ಇವು ಇರುತ್ತವೆ) ತೆಗೆದು ಒರೆಸಿ ನನ್ನ ಅಂಗೈ ಮೇಲಿಟ್ಟರು. ಬಳೆಯಂತೆ ದುಂಡಗಿನ ತೆಳ್ಳನೆಯ ಉಕ್ಕಿನ ಹಾಳೆ. ಅದರ ಎರಡೂ ಬದಿಗೆ ದಪ್ಪ ಕಾಗದದಂಥ ಒಂದು ಪದರ ಅಂಟಿರಬೇಕು. ಆ ಪದರವೇ ಹಿಡಿತ ಕೊಡುವುದು. ನನ್ನ ಕೈಯಲ್ಲಿದ್ದುದರಲ್ಲಿ ಅದು ಅಲ್ಲಲ್ಲಿ ಕಪ್ಪಾಗಿ ಉಳಿದಿತ್ತು, ಮಿಕ್ಕ ಕಡೆ ಬೋಳು ಉಕ್ಕು. ಸೀದ ವಾಸನೆ ಮೂಗಿಗೆ ಬಡಿಯಿತು.

"ಸಾಹೇಬರೇ, ಇದು ಮೂರು ದಿನದಲ್ಲಿ ಆದದ್ದಲ್ಲ," ಎಂದರು ಅವರು. "ಮೂರು ವರ್ಷದ್ದಾದರೂ ಇರಬೇಕು."

ಅಂದರೆ ಆಯಿಲ್ ಬದಲಿಸುವ ಹೊತ್ತಿಗೇ ಗೇರ್‌ಬಾಕ್ಸ್ ಕೊನೆಯುಸಿರು ಎಳೆಯುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಸಾಮಾನ್ಯವಾಗಿ ಆಗುವುದೂ ಇದೇ. ಗೇರ್‌ಬಾಕ್ಸಿನ ಹಿಡಿತ ಜಾರತೊಡಗಿದ ಮೇಲೆ ಆಯಿಲ್ ನೆನಪಾಗುತ್ತದೆ, ಬದಲಿಸುತ್ತೇವೆ, ಅದು ನಿಲ್ಲುತ್ತದೆ, ಅಪವಾದ ಆಯಿಲ್‌ಗೆ ಬರುತ್ತದೆ.

ಹಾಗೆಂದು ಬದಲಿಸಿದ ರೀತಿಯಲ್ಲಿ ತಪ್ಪೇ ಇರಲಿಲ್ಲ ಎನ್ನಲಾರೆ. ಇಷ್ಟು ವರ್ಷ ಒಳಗೆ ಕೂತ ಜಿಡ್ಡನ್ನು ಹೊಸ ಆಯಿಲ್ ಕರಗಿಸಿ ಸಡಿಲಗೊಳಿಸುತ್ತದೆ. ಆ ಕೊಳೆ ಆಯಿಲ್ ಹರಿವನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ಹಾದಿಗಳಲ್ಲಿ ಸಿಕ್ಕಿಕೊಂಡರೆ ಪ್ಲೇಟುಗಳನ್ನು ಒತ್ತಿಹಿಡಿಯುವ ಒತ್ತಡ ಬೀಳುತ್ತದೆ. ಪ್ಲೇಟಿನಿಂದ ಉದುರಿದ ಪುಡಿ ಹಳೆಯ ಆಯಿಲ್‌ನಲ್ಲಿ ಬೆರೆತು ಸವೆದ ಪ್ಲೇಟಿಗೂ ಒಂದಿಷ್ಟು ಹಿಡಿತ ಕೊಡುತ್ತಿತ್ತು, ಅದೂ ಹೋಯಿತು ಎಂಬುದು ಮಿಸ್ತ್ರಿಯ ಅನುಭವದ ಮಾತು. ಯಂತ್ರ ಹಚ್ಚದೆ ಪ್ಯಾನ್ ಇಳಿಸಿದ್ದರೆ ಬರುತ್ತಿದ್ದುದು ಮೂರೂವರೆ ಲೀಟರ್ ಅಷ್ಟೇ. ಉಳಿದದ್ದು ಹೆಚ್ಚಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್‌ನಲ್ಲೇ ಇರುತ್ತಿತ್ತು. ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಸಲ ಬದಲಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಅಯಸ್ಕಾಂತ ನಮ್ಮ ಕಣ್ಣಿಗೆ ಬೀಳುತ್ತಿತ್ತು.

ನನ್ನ ಸಿಟ್ಟು ಇರುವುದು ಅಲ್ಲಿ. ಮೊದಲಿನ ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಬಿಳಿ ಬಟ್ಟೆಯ ಮೇಲೆ ಒಂದು ಹನಿ ಇಟ್ಟು ನೋಡಲಿಲ್ಲ. ಒಳ್ಳೆಯ ಆಯಿಲ್ ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಂದು ತಿರುಗಿ ಸೀದ ವಾಸನೆ ಬಂದರೆ ಮಾಲೀಕನನ್ನು ಕರೆದು, "ಇದು ಈಗಾಗಲೇ ಸುಟ್ಟಿದೆ, ಬದಲಿಸಿದರೂ ಉಳಿಯುವ ಭರವಸೆ ಇಲ್ಲ" ಎಂದು ಹೇಳಬೇಕು. ಆ ಒಂದು ಮಾತು ಹೇಳಿದ್ದರೆ ಅಪ್ಪ ಒಬ್ಬರೇ ರಸ್ತೆಗೆ ಇಳಿಯುತ್ತಿರಲಿಲ್ಲ. ಯಾವ ಆಯಿಲ್ ಹಾಕಿದಿರಿ ಎಂದರೆ "ಎಲ್ಲ ಗಾಡಿಗೂ ಆಗುವಂಥದ್ದು" ಎಂಬ ಉತ್ತರ. ಎಲ್ಲ ಗಾಡಿಗೂ ಆಗುವ ಆಯಿಲ್ ಇಲ್ಲ. ಮಾಲೀಕರ ಕೈಪಿಡಿಯಲ್ಲಿ ದರ್ಜೆಯ ಹೆಸರೇ ಅಚ್ಚಾಗಿರುತ್ತದೆ. ಬೆಲ್ಟಿನ ಮೇಲೆ ನಡೆಯುವ ಸಿವಿಟಿ ಗೇರ್‌ಬಾಕ್ಸಿನದ್ದು ಬೇರೆ, ನಮ್ಮಂಥದ್ದರದ್ದು ಬೇರೆ. ಡಬ್ಬಿಯ ಮುಚ್ಚಳ ನಿಮ್ಮೆದುರೇ ತೆರೆಯಲಿ. ಮಟ್ಟವನ್ನೂ ಕೈಪಿಡಿ ಹೇಳಿದ ಹಾಗೆಯೇ ನೋಡಬೇಕು. ಕೆಲವು ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ, ಕೆಲವದರಲ್ಲಿ ನಿಲ್ಲಿಸಿದ ಕೂಡಲೇ. ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ನೊರೆ ಎದ್ದು ಜಾರುತ್ತದೆ.

ಮತ್ತೆ, "ಇದು ಗಾಡಿಯ ಆಯುಷ್ಯಪೂರ್ತಿ ಬರುವ ಆಯಿಲ್" ಎಂಬ ಮಾತನ್ನು ಯಾರೇ ಹೇಳಿದರೂ ನಂಬಬೇಡಿ. ಬಿಸಿಗೆ ಆಯಿಲ್ ಹಳಸುತ್ತದೆ. ಏರು ದಾರಿ, ಸಿಗ್ನಲ್‌ಗಳಲ್ಲಿ ನಿಂತು ಹೊರಡುವ ಓಡಾಟ, ನಮ್ಮ ಏಪ್ರಿಲ್ ತಿಂಗಳ ಬಿಸಿಲು ಇವೆಲ್ಲ ಗೇರ್‌ಬಾಕ್ಸಿಗೆ ಕಷ್ಟದ ಬಳಕೆಯೇ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಬದಲಿಸಿ. ಈಗಾಗಲೇ ಜಾರುತ್ತಿದ್ದರೆ ಮೊದಲು ಪ್ಯಾನ್ ಇಳಿಸಿ ನೋಡಿಸಿ, ಆಮೇಲೆ ಹಣ ಖರ್ಚು ಮಾಡಿ.

ಮಾರಿಬಿಡು ಎಂದವರೂ ಇದ್ದರು. ಬೆಂಗಳೂರಿನಿಂದ ಪ್ಲೇಟು, ಸೀಲುಗಳ ಕಿಟ್ ತರಿಸಿ ಗೇರ್‌ಬಾಕ್ಸ್ ಪೂರ್ತಿ ಕಟ್ಟಿಸಿದೆ. ಗಾಡಿಯ ಇಂದಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು. ಆ ಲೆಕ್ಕ ನನಗೆ ಗೊತ್ತಿದ್ದೇ ಮಾಡಿಸಿದೆ. ಮೊನ್ನೆ ಭಾನುವಾರ ಅಪ್ಪ ತಾವೇ ಓಡಿಸಿಕೊಂಡು ನವಲೂರಿಗೆ ಹೋಗಿ, ಆ ಅಮ್ಮನ ಹತ್ತಿರ ಎರಡು ಕಿಲೋ ಪೇರಲ ಹಣ್ಣು ತಂದರು. ಡಿಪ್‌ಸ್ಟಿಕ್ ಒರೆಸಲು ಒಂದು ಬಿಳಿ ಧೋತರದ ತುಂಡು ಈಗ ಡಿಕ್ಕಿಯಲ್ಲಿ ಮಡಚಿಟ್ಟಿದೆ.