ಹಸ್ಕಿನ ಒಂದೇ ಸಾಲಲ್ಲಿ ಮುಗಿಸ್ಬಾರ್ದಿತ್ತು

ಲೇಖನ ಚೆನ್ನಾಗಿದೆ ಸರ್, ಆದ್ರೆ ವಿಯೆಟ್ನಾಂ ಯುದ್ಧದ ಹೆಲಿಕಾಪ್ಟರ್ ಅಂತ ಪೂರ್ತಿ ಹ್ಯೂಯಿ ಬಗ್ಗೆನೇ ಬರೆದು ಕಾಮನ್ (Kaman) ಅನ್ನೋ ಕಂಪನಿಯ ಎಚ್‌ಎಚ್-43 ಹಸ್ಕಿ ಹೆಲಿಕಾಪ್ಟರ್‌ನ ಒಂದೇ ಸಾಲಲ್ಲಿ ಮುಗಿಸಿದ್ದು ಬೇಜಾರಾಯ್ತು. ಅಮೆರಿಕ ವಾಯುಪಡೆ ಇದನ್ನ ಇಟ್ಕೊಂಡಿದ್ದೇ ವಾಯುನೆಲೆ ಹತ್ರ ವಿಮಾನ ಬಿದ್ರೆ ಬೆಂಕಿ ತಡೆದು ಒಳಗಿರೋರನ್ನ ಹೊರಗೆ ಎಳೆಯೋಕೆ. ಕೆಳಗಡೆ ಕೊಕ್ಕೆಗೆ ಬೆಂಕಿ ಆರಿಸೋ ಫೋಮ್ (ನೊರೆ) ತುಂಬಿದ ದುಂಡಗಿನ ಟ್ಯಾಂಕ್ ನೇತಾಕ್ಕೊಂಡು ಹಾರೋದು, ಸುಮಾರು 450 ಕೆಜಿ, ಸಿಬ್ಬಂದಿ ಅದಕ್ಕೆ ಸ್ಪುಟ್ನಿಕ್ ಅಂತಿದ್ರು. ಟ್ಯಾಂಕನ್ನೂ ಫೈರ್‌ಮನ್‌ಗಳನ್ನೂ ಬೆಂಕಿ ಹತ್ರ ಇಳಿಸಿ ಪೈಲಟ್ ಮತ್ತೆ ಮೇಲೆದ್ದು ಅಲ್ಲೇ ಗಾಳೀಲಿ ನಿಲ್ಲಿಸ್ಕೊಳ್ಳೋನು, ರೋಟರ್ ಅಂದ್ರೆ ಮೇಲೆ ತಿರುಗೋ ರೆಕ್ಕೆಗಳ ಗಾಳಿ ಹೊಗೆ ಜ್ವಾಲೆ ಎರಡನ್ನೂ ಆಚೆ ತಳ್ಳೋದು, ಹಾಗೆ ಬಿಟ್ಕೊಂಡ ದಾರೀಲಿ ಅವ್ರು ಫೋಮ್ ಹೊಡೀತಾ ಕಾಕ್‌ಪಿಟ್ ತನಕ ನುಗ್ಗೋರು. ನೆನೆಸ್ಕೊಂಡ್ರೇ ಮೈ ಜುಂ ಅನ್ನುತ್ತೆ! ಎರಡು ರೋಟರ್ ಒಂದಕ್ಕೊಂದು ತಗಲದೆ ಹೆಣೆದ್ಕೊಂಡು ವಿರುದ್ಧ ದಿಕ್ಕಿಗೆ ತಿರುಗೋದ್ರಿಂದ ಬಾಲದಲ್ಲಿ ಇನ್ನೊಂದು ರೋಟರ್ ಬೇಕಿರ್ಲಿಲ್ಲ, ಬ್ಲೇಡ್ ಮರದ್ದು.

ಇನ್ನೊಂದು, ಅಮೆರಿಕ ವಾಯುಪಡೆಯ ರಕ್ಷಣಾ ಯೋಧ ವಿಲಿಯಂ ಪಿಟ್ಸೆನ್‌ಬಾರ್ಗರ್ ಹೆಸರೇ ಇಲ್ವಲ್ಲ ಸರ್. 1966ರ ಏಪ್ರಿಲ್ 11ಕ್ಕೆ ಹಸ್ಕಿಯಿಂದ ಕಾಡೊಳಗೆ ಇಳಿದು ಗಾಯಾಳುಗಳನ್ನ ಒಬ್ಬೊಬ್ಬರನ್ನೇ ಮೇಲೆ ಕಳಿಸಿದ, ತಾನು ವಾಪಸ್ ಹೋಗ್ಬಹುದಾಗಿದ್ರೂ ಅಲ್ಲೇ ಉಳ್ಕೊಂಡ, ಅವತ್ತೇ ಗುಂಡಿಗೆ ಬಲಿಯಾದ. ಅಮೆರಿಕದ ಅತಿ ದೊಡ್ಡ ಸೇನಾ ಗೌರವ ಮೆಡಲ್ ಆಫ್ ಆನರ್ ಸಿಕ್ಕಿದ್ದು 2000ದಲ್ಲಿ. ದಯವಿಟ್ಟು ಹಸ್ಕಿ ಬಗ್ಗೆನೇ ಒಂದು ಪೂರ್ತಿ ಲೇಖನ ಬರೀರಿ.